ಮುರುಗಲ ತುಪ್ಪವೂ ಒಡೆದ ಹಿಮ್ಮಡಿಯೂ

ಪವಾಯಿಯ ಅಂಗಡಿಗಳಲ್ಲಿ ದೊರೆಯುವ ಕೆಲವು ಚರ್ಮಲೇಪಗಳ ಮೇಲೆ ಇಂದು ‘ಕೋಕಂ ಬಟರ್’ ಎಂಬ ಹೆಸರು ಅಚ್ಚಾಗಿರುವುದು ಕಾಣುತ್ತದೆ. ಉತ್ತರ ಕನ್ನಡದಿಂದ ಬಂದು ಮುಂಬಯಿಯಲ್ಲಿ ನೆಲಸಿದ ಮನೆತನಗಳಿಗೆ ಇದು ಹೊಸ ವಸ್ತುವಲ್ಲ. ಹಿಮ್ಮಡಿ ಒಡೆದಾಗ ಹಿರಿಯರು ಹಚ್ಚುತ್ತಿದ್ದ ಮುರುಗಲ ತುಪ್ಪವೇ ಇದು. ದಕ್ಷಿಣ ಕನ್ನಡದವರು ಇದೇ ಹಣ್ಣನ್ನು ಪುನರ್ಪುಳಿಯೆನ್ನುವರು. ಸಿಪ್ಪೆಯು ಸಾರಿಗೂ ಪಾನಕಕ್ಕೂ ಸಲ್ಲುತ್ತದೆ. ಬೀಜವನ್ನು ಒಣಗಿಸಿ, ಕುಟ್ಟಿ, ನೀರಿನಲ್ಲಿ ಕುದಿಸಿದರೆ ಕೊಬ್ಬು ಮೇಲೆ ತೇಲಿ, ಆರಿದ ಮೇಲೆ ಗಟ್ಟಿಯಾಗುತ್ತದೆ. ಬೀಜದ ತೂಕದ ಸುಮಾರು ಕಾಲುಭಾಗ ಈ ಕೊಬ್ಬೇ ಆಗಿದೆ.

ಇಂತಹ ಮೃದುಕಾರಿ ದ್ರವ್ಯಗಳು ಚರ್ಮಕ್ಕೆ ನೀರುಣಿಸುತ್ತವೆಯೆಂಬ ನಂಬಿಕೆ ವ್ಯಾಪಕವಾದುದು. ಆದರೆ ಕೊಬ್ಬಿನಲ್ಲಿ ಉಣಿಸಲು ನೀರೇ ಇಲ್ಲ. ಚರ್ಮದ ಹೊರಪದರವನ್ನು ಗೋಡೆಗೆ ಹೋಲಿಸುವುದುಂಟು: ನಿರ್ಜೀವ ಕೋಶಗಳೇ ಇಟ್ಟಿಗೆ, ಅವುಗಳ ನಡುವಣ ಜಿಡ್ಡೇ ಗಾರೆ. ಸಾಬೂನಿನ ಅತಿಬಳಕೆಯಿಂದ ಗಾರೆ ಸವೆಯುತ್ತದೆ; ಹವಾನಿಯಂತ್ರಿತ ಕೋಣೆಯ ಒಣಗಾಳಿಯು ಒಳಗಿನ ತೇವವನ್ನು ಸೆಳೆಯುತ್ತದೆ. ಕಡಲ ತೇವಗಾಳಿಯ ಮುಂಬಯಿಯಲ್ಲಿಯೂ ಹಿಮ್ಮಡಿ ಒಡೆಯುವುದಕ್ಕೆ ಇವೂ ಕಾರಣಗಳು. ಅಂಗಾಲಿನಲ್ಲಿ ಜಿಡ್ಡು ಸ್ರವಿಸುವ ಗ್ರಂಥಿಗಳಿಲ್ಲವಾದುದರಿಂದ ಅಲ್ಲಿಯ ಕೊರತೆ ತಾನಾಗಿ ತುಂಬಿಬರುವುದೂ ಕಷ್ಟ. ಹಚ್ಚಿದ ಕೊಬ್ಬು ಎದ್ದುನಿಂತ ಕೋಶಗಳ ಸಂದುಗಳನ್ನು ತುಂಬಿ ಮೇಲ್ಮೈಯನ್ನು ನುಣುಪುಗೊಳಿಸುತ್ತದೆ. ಮೇಲೆ ತೆಳುಪೊರೆಯಾಗಿ ನಿಂತು, ಇದ್ದ ನೀರು ಆವಿಯಾಗುವುದನ್ನು ತಡೆಯುತ್ತದೆ. ಆದುದರಿಂದ ಸ್ನಾನವಾದೊಡನೆ, ಮೈಯ ತೇವ ಆರುವ ಮುನ್ನವೇ ಇದನ್ನು ಹಚ್ಚುವುದು ಯುಕ್ತ.

ಮುರುಗಲ ತುಪ್ಪದ ಬಹುಭಾಗ ಸ್ಟಿಯರಿಕ್ ಮತ್ತು ಓಲಿಯಿಕ್ ಆಮ್ಲಗಳ ಗ್ಲಿಸರೈಡುಗಳಿಂದಾಗಿದೆ. ಮೊದಲನೆಯದು ಗಟ್ಟಿತನವನ್ನೂ ಎರಡನೆಯದು ಮೃದುತ್ವವನ್ನೂ ಕೊಡುತ್ತದೆ. ಅದು ಕರಗುವುದು ಸುಮಾರು 40 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಚರ್ಮದ ಹೊರಮೈಯ ಉಷ್ಣತೆಯಾದರೋ ಸುಮಾರು 33 ಡಿಗ್ರಿ. ಹೀಗಾಗಿ ಬಿಸಿ ಮಾಡದೆ ಹಚ್ಚಿದರೆ ಅದು ಸುಲಭವಾಗಿ ಹರಡದು. ಕ್ರೀಮು ತಯಾರಿಸುವವರು ಇದನ್ನು ತೆಳುವಾದ ಎಣ್ಣೆಗಳೊಡನೆ ಕರಗಿಸಿ, ಎಣ್ಣೆ-ನೀರುಗಳನ್ನು ಕೂಡಿಸಬಲ್ಲ ಇನ್ನೊಂದು ದ್ರವ್ಯದ ನೆರವಿನಿಂದ ನೀರಿನೊಡನೆ ಕಡೆಯುವರು. ಆರಿದಾಗ ಈ ಕೊಬ್ಬೇ ಕ್ರೀಮನ್ನು ಮಂದವಾಗಿಸುತ್ತದೆ. ಹಚ್ಚಿದ ಬಳಿಕ ಕ್ರೀಮಿನ ನೀರು ಬಹುಮಟ್ಟಿಗೆ ಆವಿಯಾಗಿ, ಮನೆಯ ತುಪ್ಪದಂತೆಯೇ ಜಿಡ್ಡಿನ ಪೊರೆ ಉಳಿಯುತ್ತದೆ.

ಆದಾಗ್ಯೂ ಮೃದುಕಾರಿಯು ಔಷಧಿಯಲ್ಲ. ಬಿರುಕು ಆಳವಾಗಿ ರಕ್ತ ಒಸರುತ್ತಿದ್ದರೆ, ವಿಶೇಷವಾಗಿ ಮಧುಮೇಹಿಗಳಲ್ಲಿ, ಅದು ಸೋಂಕಿಗೆ ಬಾಗಿಲಾಗಬಹುದು. ಪಾದದ ಸ್ಪರ್ಶಜ್ಞಾನ ಕುಂದಿದವರಿಗೆ ನೋವೂ ಎಚ್ಚರಿಕೆ ಕೊಡದು. ಅಂಥವರು ತುಪ್ಪವನ್ನೇ ನಂಬಿ ಕೂಡದೆ ವೈದ್ಯರಿಗೆ ಪಾದ ತೋರಿಸುವುದು ಅವಶ್ಯ.