ಚಿತ್ರ ಕದಲದೆ ಕೈ ಬದಲಿಸುವ ಬಗೆ

ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿಗಳಲ್ಲಿ ಹೊಸ ಬೋರ್ಡಿಗೆ ಕ್ಯಾಮೆರಾ ಡ್ರೈವರ್ ಬರೆಯುವ ಎಂಜಿನಿಯರುಗಳು ಈ ಲೆಕ್ಕವನ್ನು ಮರೆಯುವಂತಿಲ್ಲ. ಫುಲ್ ಎಚ್‌ಡಿ ವಿಡಿಯೊದ ಒಂದು ಫ್ರೇಮ್ ಸಾಮಾನ್ಯವಾಗಿ 31 ಲಕ್ಷ ಬೈಟ್ ತೂಗುತ್ತದೆ. ಸೆಕೆಂಡಿಗೆ 30 ಫ್ರೇಮ್ ಎಂದರೆ 9.3 ಕೋಟಿ ಬೈಟ್. ಕ್ಯಾಮೆರಾದಿಂದ ಗ್ರಾಫಿಕ್ಸ್ ಘಟಕಕ್ಕೆ, ಅಲ್ಲಿಂದ ಎನ್‌ಕೋಡರಿಗೆ, ಪರದೆಗೆ ಎಂದು ನಕಲು ಮಾಡುತ್ತ ಹೋದರೆ ಪ್ರತಿ ನಕಲಿಗೂ ಅಷ್ಟನ್ನೂ ಒಮ್ಮೆ ಓದಿ ಒಮ್ಮೆ ಬರೆಯಬೇಕು. ಫೋನ್ ಬಿಸಿಯಾಗುತ್ತದೆ, ಬ್ಯಾಟರಿ ಬೇಗ ಇಳಿಯುತ್ತದೆ.

2011ರ ಹೊತ್ತಿಗೆ ಇದಕ್ಕೆ ಮದ್ದು ಇರಲಿಲ್ಲವೆಂದಲ್ಲ, ಒಬ್ಬೊಬ್ಬರದು ಒಂದೊಂದು ಮದ್ದಾಗಿತ್ತು. ಕ್ವಾಲ್‌ಕಾಮ್ ಫೋನುಗಳಲ್ಲಿ ಪಿಮೆಮ್, ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್‌ನಲ್ಲಿ ಸಿಮೆಮ್, ಗೂಗಲ್ ಆಂಡ್ರಾಯ್ಡಿಗೆಂದೇ ರೂಪಿಸಿದ ಅಯಾನ್. ಒಂದಕ್ಕೆ ಬರೆದ ಡ್ರೈವರ್ ಇನ್ನೊಂದರಲ್ಲಿ ನಡೆಯುತ್ತಿರಲಿಲ್ಲ. ಆ ವರ್ಷದ ಮೇ ತಿಂಗಳಲ್ಲಿ, ಆರ್ಮ್ ಚಿಪ್‌ಗಳಿಗೆ ಲಿನಕ್ಸ್ ಒಗ್ಗಿಸುವ ಲಿನಾರೋ ಸಂಸ್ಥೆ ಬುಡಾಪೆಸ್ಟ್‌ನಲ್ಲಿ ಎಲ್ಲರನ್ನೂ ಒಂದೆಡೆ ಕೂರಿಸಿತು. ಅಲ್ಲಿಂದ ಶುರುವಾದ ಚರ್ಚೆಗೆ ಕೋಡ್‌ನ ರೂಪ ಕೊಟ್ಟವರು ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್‌ನ ಸುಮಿತ್ ಸೆಮ್ವಾಲ್. ಅರ್ಂಡ್ ಬರ್ಗ್‌ಮನ್, ರಾಬ್ ಕ್ಲಾರ್ಕ್, ಡೇನಿಯಲ್ ವೆಟ್ಟರ್ ವಿಚಾರವನ್ನು ತಿದ್ದಿ ತೀಡಿದರು. 2012ರ ಮಾರ್ಚ್‌ನಲ್ಲಿ ಬಂದ ಲಿನಕ್ಸ್ 3.3ರಲ್ಲಿ ಅದು ಡಿಎಂಎ-ಬಫ್ ಎಂಬ ಹೆಸರಿನಲ್ಲಿ ಸೇರಿತು.

ಜಮೀನು ಇದ್ದಲ್ಲೇ ಇರುತ್ತದೆ, ಪಹಣಿ ಮಾತ್ರ ಕೈ ಬದಲಾಗುತ್ತದೆ. ಡಿಎಂಎ-ಬಫ್‌ನ ಬಗೆಯೂ ಅದೇ. ಒಂದು ಡ್ರೈವರ್ ತನ್ನ ಮೆಮೊರಿಯನ್ನು ಹಂಚಿಕೆಗೆ ಒಡ್ಡುತ್ತದೆ. ಪ್ರತಿಯಾಗಿ ಸಿಗುವುದು ಒಂದು ಫೈಲ್ ಡಿಸ್ಕ್ರಿಪ್ಟರ್, ಅಂದರೆ ಒಂದು ಪುಟ್ಟ ಸಂಖ್ಯೆ. ಅದನ್ನು ಒಂದು ಪ್ರೊಸೆಸ್ಸಿನಿಂದ ಇನ್ನೊಂದಕ್ಕೆ ದಾಟಿಸುವ ವ್ಯವಸ್ಥೆ ಯುನಿಕ್ಸ್‌ನಲ್ಲಿ ಮೊದಲೇ ಇತ್ತು. ಪ್ರೊಸೆಸ್ ಸತ್ತರೆ ಅದು ತಾನಾಗಿ ಮುಚ್ಚಿಕೊಳ್ಳುತ್ತದೆ. ಕೊನೆಯ ಬಳಕೆದಾರ ಕೈಬಿಟ್ಟ ಮೇಲಷ್ಟೇ ಮೆಮೊರಿ ಬಿಡುಗಡೆ. ಹೊಸದೇನನ್ನೂ ಕಟ್ಟದೆ ಇದ್ದದ್ದನ್ನೇ ಬಳಸಿದ ಈ ನಿರ್ಧಾರ ನನ್ನ ದೃಷ್ಟಿಯಲ್ಲಿ ಇಡೀ ವಿನ್ಯಾಸದ ಜೀವಾಳ.

ಇನ್ನೊಂದು ಜಾಣತನ: ಸಾಧನವನ್ನು ಬಫರಿಗೆ ಜೋಡಿಸುವುದು ಬೇರೆ, ಮೆಮೊರಿಯನ್ನು ಮ್ಯಾಪ್ ಮಾಡುವುದು ಬೇರೆ. ಒಂದು ಸಾಧನಕ್ಕೆ ಮೊದಲ 4 ಗಿಗಾಬೈಟ್ ಮಾತ್ರ ಕಾಣುತ್ತದೆ, ಇನ್ನೊಂದಕ್ಕೆ ಎಡೆಬಿಡದ ಒಂದೇ ತುಂಡು ಬೇಕು. ಎಲ್ಲರೂ ಬಂದು ಸೇರಿದ ಮೇಲೆ ಎಲ್ಲರಿಗೂ ಒಗ್ಗುವ ಜಾಗ ಆರಿಸಲಿ ಎಂಬುದು ಆಶಯ. ವಾಸ್ತವದಲ್ಲಿ ಬಹಳಷ್ಟು ಡ್ರೈವರ್‌ಗಳು ಜಾಗವನ್ನು ಮೊದಲೇ ಹಿಡಿದುಬಿಡುತ್ತವೆ. ಈ ಆಶಯ ಅರ್ಧಕ್ಕೇ ನಿಂತಿದೆ ಎನ್ನಲೇಬೇಕು.

ಸಾಮಾನ್ಯ ಪ್ರೋಗ್ರಾಮಿಗೆ ಈ ಮೆಮೊರಿಯನ್ನು ನೇರ ತೋರಿಸುವ ಎಂಮ್ಯಾಪ್ ಮೊದಲ ಆವೃತ್ತಿಯಲ್ಲಿ ಇರಲಿಲ್ಲ. ಇಲ್ಲಿ ತೊಡಕು ನಿಜವಾಗಿಯೂ ದೊಡ್ಡದು. ಪ್ರೊಸೆಸರ್ ಬರೆದದ್ದು ಅದರ ಕ್ಯಾಶ್‌ನಲ್ಲೇ ಉಳಿದು, ಸಾಧನ ಹಳೆಯ ಮೆಮೊರಿಯನ್ನೇ ಓದಬಹುದು. ಆಗ ಪರದೆಯ ಮೇಲೆ ಅಲ್ಲಲ್ಲಿ ಹಿಂದಿನ ಚಿತ್ರದ ಗೆರೆಗಳು ಉಳಿಯುತ್ತವೆ. ಅದೂ ಒಮ್ಮೆ ಉಂಟು, ಒಮ್ಮೆ ಇಲ್ಲ. ಇಂಥ ದೋಷ ಹುಡುಕುವುದರಷ್ಟು ಸುಸ್ತುಮಾಡುವ ಕೆಲಸ ಡ್ರೈವರ್ ಲೋಕದಲ್ಲಿ ಕಡಿಮೆ. ಎಂಮ್ಯಾಪ್ 2012ರಲ್ಲೇ ಸೇರಿತು. ಆದರೆ ‘ಈಗ ಮುಟ್ಟುತ್ತೇನೆ’, ‘ಮುಟ್ಟಿ ಮುಗಿಯಿತು’ ಎಂದು ಪ್ರೋಗ್ರಾಮ್ ಕರ್ನಲ್‌ಗೆ ತಿಳಿಸುವ ಸಿಂಕ್ ಕರೆ ಬಂದದ್ದು 2016ರ 4.6 ಆವೃತ್ತಿಯಲ್ಲಿ. ವಿಳಾಸ ಕೊಟ್ಟರಷ್ಟೇ ಸಾಲದು, ಯಾರ ಸರದಿ ಎಂಬುದನ್ನೂ ಹೇಳಬೇಕು ಎಂದು ಇಂಟರ್‌ಫೇಸಿನಲ್ಲೇ ಬರೆದಿಡಲು ನಾಲ್ಕು ವರ್ಷ ಹಿಡಿಯಿತು.

2020ರಲ್ಲಿ 5.6 ಆವೃತ್ತಿಯೊಂದಿಗೆ ಮೆಮೊರಿಯನ್ನು ಕಾದಿರಿಸಿ ಕೊಡುವ ಹೊಣೆಯೂ ಡಿಎಂಎ-ಬಫ್ ಹೀಪ್ಸ್ ಹೆಸರಲ್ಲಿ ಇದರ ಪಾಲಿಗೆ ಬಂತು. ಮರುವರ್ಷ 5.11ರಲ್ಲಿ ಅಯಾನ್ ಅನ್ನು ಕರ್ನಲ್‌ನಿಂದ ತೆಗೆದುಹಾಕಲಾಯಿತು. ಆಂಡ್ರಾಯ್ಡ್ 12ರ ಹೊತ್ತಿಗೆ ಗೂಗಲ್ ಕೂಡ ಹೀಪ್ಸ್‌ಗೆ ಬದಲಾಯಿತು; ಅಯಾನ್ ಅನ್ನು ನೆಚ್ಚಿಕೊಂಡಿದ್ದ ಕ್ಯಾಮೆರಾ, ವಿಡಿಯೊ ಡ್ರೈವರ್‌ಗಳನ್ನು ಚಿಪ್ ಕಂಪನಿಗಳು ತಿದ್ದಿ ಬರೆಯಬೇಕಾಯಿತು.