ಅಕ್ಷಪಟಲವೂ ಶಿಲಾಶಾಸನವೂ

ಮಾಗಳದ ಸುತ್ತಣ ಹಡಗಲಿ ಸೀಮೆಯಲ್ಲಿ ಚಾಲುಕ್ಯರ ಕಾಲದ ದಾನಶಾಸನಗಳು ದೇವಾಲಯಗಳ ಬಳಿಯಲ್ಲಿ ಸರ್ವರಿಗೂ ಕಾಣುವಂತೆ ನಿಂತಿವೆ. ದತ್ತಭೂಮಿಯ ಎಲ್ಲೆಯನ್ನು ಊರೆಲ್ಲ ಅರಿತಿರುವುದೇ ಅದಕ್ಕೆ ರಕ್ಷೆಯೆಂದು ಹಿರಿಯರು ಭಾವಿಸಿದಂತೆ ತೋರುತ್ತದೆ. ಕೌಟಿಲ್ಯನಾದರೋ ಲೆಕ್ಕದ ಪುಸ್ತಕಗಳಿಗೆ ಅಕ್ಷಪಟಲವೆಂಬ ಪ್ರತ್ಯೇಕ ಗೃಹವನ್ನು ವಿಧಿಸಿ, ಮಂತ್ರಾಲೋಚನೆಯ ಸ್ಥಳವು ಪಕ್ಷಿಗಳಿಗೂ ಗೋಚರಿಸಬಾರದೆಂದನು.

ಇಂದಿನ ಸರಕಾರಿ ಕಚೇರಿಯಲ್ಲಿ ಪ್ರಕಾಶ್ಯವೂ ಗೋಪ್ಯವೂ ಒಮ್ಮೊಮ್ಮೆ ಒಂದೇ ಕಡತದಲ್ಲಿ ಕೂಡಿರುತ್ತವೆ. ಅದನ್ನು ಬಚ್ಚಿಟ್ಟರೆ ರೈತನ ಹಕ್ಕಿಗೆ ಹಾನಿ. ಪೂರ್ಣವಾಗಿ ತೆರೆದರೆ ಅನ್ಯರ ಗುಟ್ಟು ರಟ್ಟು. 2005ರ ಮಾಹಿತಿ ಹಕ್ಕು ಅಧಿನಿಯಮದ 10ನೆಯ ಪ್ರಕರಣವು ಗೋಪ್ಯಭಾಗವನ್ನು ಬೇರ್ಪಡಿಸಿ ಉಳಿದುದನ್ನು ಕೊಡುವುದಕ್ಕೆ ಅವಕಾಶವಿತ್ತಿದೆ. ಈ ವಿಂಗಡಣೆಗೆ ಕಡತವನ್ನು ಓದಬಲ್ಲ ಕರಣಿಕನು ಬೇಕು. ದ್ವಾರಪಾಲಕನಿಂದ ಅದು ಆಗದು.