ಐಗೂರು: ಬಲಂ ಪಾಳೆಯಗಾರರ ಬಂಡಾಯದ ನೆಲ

ಹಾಸನ ಜಿಲ್ಲೆಯ ಪಡುವಣ ಅಂಚಿನಲ್ಲಿ, ಸಕಲೇಶಪುರ ತಾಲ್ಲೂಕಿಗೆ ಸೇರಿದ ಐಗೂರು ಒಂದು ಕಾಲಕ್ಕೆ ಬಲಂ ಪಾಳೆಯಗಾರರ ರಾಜಧಾನಿ. ಬಯಲಿನ ಕಡೆಗೂ ಈ ಮನೆತನದ ಅಧಿಕಾರ ಹಬ್ಬಿತ್ತು. 1568ರಲ್ಲಿ ಅರಕಲಗೂಡನ್ನು ಕಟ್ಟಿಸಿದವನು ಇದೇ ವಂಶದ ಕೃಷ್ಣಪ್ಪ ನಾಯಕ. ಅರಕಲಗೂಡು, ಹೊಳೆನರಸೀಪುರ, ಚನ್ನರಾಯಪಟ್ಟಣದ ಕೋಟೆಗಳು 17ನೇ ಶತಮಾನದಲ್ಲೇ ಮೈಸೂರಿನ ವಶವಾದವು. ಕಾಡಿನ ಆಸರೆಯಿದ್ದ ಐಗೂರಿನಲ್ಲಿ ಮಾತ್ರ ಪಾಳೆಯಪಟ್ಟು ಉಳಿದುಕೊಂಡಿತು. ಟಿಪ್ಪು ಸುಲ್ತಾನ್ ಸಕಲೇಶಪುರದ ಬಳಿ ಎಂಟು ಮೂಲೆಯ ಮಂಜರಾಬಾದ್ ಕೋಟೆ ಕಟ್ಟಿಸಿದ್ದೂ ಈ ಸೀಮೆಯ ಘಟ್ಟದ ದಾರಿಯ ಮೇಲೆಯೇ.

1799ರಲ್ಲಿ ಟಿಪ್ಪುವಿನ ಶ್ರೀರಂಗಪಟ್ಟಣ ಈಸ್ಟ್ ಇಂಡಿಯಾ ಕಂಪನಿಯ ಕೈಗೆ ಬಿದ್ದಾಗ ಇಬ್ಬರು ಬಂಡೆದ್ದರು. ಚನ್ನಗಿರಿಯ ಧೋಂಡಿಯಾ ವಾಘ್ ಹೈದರನ ಕುದುರೆ ಪಡೆಯಲ್ಲಿ ಪಳಗಿದವನು. ಟಿಪ್ಪುವಿನ ಸೆರೆಯಿಂದ ಹೊರಬಿದ್ದವನೇ ಕೆಲಸ ಕಳೆದುಕೊಂಡ ಸವಾರರನ್ನು ಕಲೆಹಾಕಿದ. ಕಾಯಲು ಅವನಿಗೆ ಸ್ವಂತದ ಸೀಮೆ ಇರಲಿಲ್ಲ. ಶಿವಮೊಗ್ಗ, ಬಿದನೂರಿನಿಂದ ತುಂಗಭದ್ರೆಯ ಆಚೆಯವರೆಗೂ ಅವನ ಯುದ್ಧ ಓಟದ ಯುದ್ಧ.

ಕೃಷ್ಣಪ್ಪ ನಾಯಕನೆಂದೂ ವೆಂಕಟಾದ್ರಿ ನಾಯಕನೆಂದೂ ದಾಖಲಾಗಿರುವ ಐಗೂರಿನ ಪಾಳೆಯಗಾರನ ರೀತಿಯೇ ಬೇರೆ. ತಲೆಮಾರುಗಳಿಂದ ಬಂದ ನೆಲ, ಕರೆದರೆ ಕೋವಿ ಹಿಡಿದು ಬರುವ ಊರವರು, ಕೈಗೆಟುಕುವಷ್ಟು ಹತ್ತಿರದಲ್ಲಿ ಸುಬ್ರಹ್ಮಣ್ಯದ ಘಟ್ಟ. ಹೀಗಾಗಿ ಅವನು ಸೀಮೆ ಬಿಟ್ಟು ಕದಲಲಿಲ್ಲ. ಘಟ್ಟದ ದಾರಿ ಕಟ್ಟಿ ಅರಕೆರೆಯಲ್ಲಿ ಬೇರೂರಿದ. ಸುತ್ತಲೂ ಹೆಮ್ಮರಗಳ ಕಾಡು, ಒಳಗೆ ಸಾಲುಸಾಲು ತಡೆ. 1800ರ ಏಪ್ರಿಲ್ ಮೊದಲಲ್ಲಿ ನುಗ್ಗಿದ ಕಂಪನಿ ಪಡೆ ಪೆಟ್ಟು ತಿಂದು ಹಿಂದಿರುಗಿತು. ತಿಂಗಳ ಕೊನೆಗೆ ಕರ್ನಲ್ ಮಾಂಟ್ರೆಸರ್ ಅರಕೆರೆಯನ್ನು ಹಿಡಿದರೂ ನಾಯಕ ಸಿಗಲಿಲ್ಲ. ಧೋಂಡಿಯಾನ ಬೆನ್ನು ಹತ್ತಲು ಸೈನ್ಯ ಅತ್ತ ಹೊರಟಾಗ ನಾಯಕ ಮತ್ತೆ ತನ್ನ ನೆಲೆಗೆ ಮರಳಿದ. ನಂಬಿದ ಜನ ಅಲ್ಲೇ ಇದ್ದುದರಿಂದಲೇ ಇದು ಸಾಧ್ಯವಾಯಿತೆನ್ನಬೇಕು.

ಧೋಂಡಿಯಾ 1800ರ ಸೆಪ್ಟೆಂಬರ್ 10ರಂದು ಕೋಣಗಲ್ಲಿನಲ್ಲಿ ಹತನಾದ. ಅವನೊಂದಿಗೇ ಅವನ ಬಂಡಾಯವೂ ಮುಗಿಯಿತು. ಬಲಂನಲ್ಲಿ ನಾಯಕನ ಸಾವಷ್ಟೇ ಸಾಕಾಗಲಿಲ್ಲ. 1802ರ ಜನವರಿಯಲ್ಲಿ ಕಂಪನಿಯ ಸೇನಾನಿ ಆರ್ಥರ್ ವೆಲ್ಲೆಸ್ಲಿ ತಾನೇ ಬಂದು, ಹಲವು ದಿಕ್ಕುಗಳಿಂದ ಒಮ್ಮೆಲೇ ನುಗ್ಗಿ ಅರಕೆರೆಯನ್ನು ಗೆದ್ದ. ಫೆಬ್ರವರಿಯಲ್ಲಿ ನಾಯಕ ಸೆರೆ ಸಿಕ್ಕು ಗಲ್ಲಿಗೇರಿದ. ಅದಾದ ಮೇಲೂ ವೆಲ್ಲೆಸ್ಲಿ ಹಳ್ಳಿಗಳ ಕೋಟೆ ಕೆಡವಿಸಿದ, ಕಾಡು ಕಡಿಸಿ ದಾರಿ ಮಾಡಿಸಿದ, ಮನೆಮನೆಯ ಆಯುಧ ಕಸಿದುಕೊಂಡ. ಸೀಮೆಯ ಆಡಳಿತ ದಿವಾನ್ ಪೂರ್ಣಯ್ಯನವರ ಮೈಸೂರು ಸರ್ಕಾರಕ್ಕೆ ಸೇರಿತು.